ಯಾವ ಜರಡಿಯಲ್ಲಿ ಯಾರು ನಿಂತರು? ಡೇಟಾಬೇಸ್‌ನಲ್ಲಿ ಷರತ್ತಿನ ಮೇಲೆ ಷರತ್ತು ಹಾಕಿ ಎಣಿಸುವ ಸಮಗ್ರ ಮಾರ್ಗದರ್ಶಿ

ಕೋಲಾರ ಜಿಲ್ಲೆಯವರನ್ನು ಕೇಳಿದರೆ ಚಿನ್ನ, ರೇಷ್ಮೆ, ಹಾಲು ಎಂದು ಮೂರು ಹೆಸರು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಹಾಲು ಮಾತ್ರ ಇಂದಿಗೂ ಬೆಳಿಗ್ಗೆ ಸಂಜೆ ಎರಡು ಹೊತ್ತು ಡೈರಿಯ ಮುಂದೆ ಸಾಲು ನಿಲ್ಲುತ್ತದೆ. ಮುಳಬಾಗಿಲು ಕಡೆಯ ಒಂದು ಊರಿನ ಹಾಲು ಉತ್ಪಾದಕರ ಸಂಘದ ಲೆಕ್ಕಗಳನ್ನು ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ನಾನೂ ಕೈಜೋಡಿಸಿದ್ದೆ. ಚುನಾವಣೆ ಹತ್ತಿರ ಬಂದಾಗ ಕಾರ್ಯದರ್ಶಿಯವರು ಕೇಳಿದ್ದು ಒಂದೇ ಪ್ರಶ್ನೆ: ಮತ ಹಾಕಲು ಅರ್ಹರಾದ ಸದಸ್ಯರು ಎಷ್ಟು ಜನ? ಐದು ಷರತ್ತುಗಳನ್ನು ಒಂದೇ ಪ್ರಶ್ನೆಯಲ್ಲಿ ಕಟ್ಟಿ, ಬಂದ ಸಂಖ್ಯೆಯನ್ನು ಬರೆದುಕೊಟ್ಟೆ. ಪಟ್ಟಿ ಗೋಡೆಗೆ ಅಂಟಿತು.

ಮರುದಿನ ಬೆಳಗಿನ ಹಾಲಿನ ಹೊತ್ತಿಗೆ ಒಬ್ಬ ಅಜ್ಜಿ ಕ್ಯಾನು ಕೆಳಗಿಟ್ಟು ಕೇಳಿದರು: "ಏನಪ್ಪಾ, ವರ್ಷವಿಡೀ ಎರಡು ಹೊತ್ತೂ ಹಾಲು ಹಾಕಿದ್ದೇನೆ. ಮೀಟಿಂಗಿಗೂ ಬಂದಿದ್ದೇನೆ. ನನ್ನ ಹೆಸರು ಎಲ್ಲಿ ಹೋಯಿತು?"

ನನ್ನ ಬಳಿ ಉತ್ತರ ಇರಲಿಲ್ಲ. ಇದ್ದದ್ದು ಕೊನೆಯ ಒಂದು ಸಂಖ್ಯೆ ಮಾತ್ರ. ಯಾವ ಷರತ್ತಿನಲ್ಲಿ ಎಷ್ಟು ಜನ ಕಳೆದುಹೋದರು, ಆ ಅಜ್ಜಿ ಯಾವುದರಲ್ಲಿ ನಿಂತರು ಎಂಬುದನ್ನು ನಾನು ಕೇಳಿಯೇ ಇರಲಿಲ್ಲ. ರಾಗಿ ಹಿಟ್ಟನ್ನು ಜರಡಿ ಹಿಡಿಯುವವರು ಕೆಳಗೆ ಬಿದ್ದ ಹಿಟ್ಟನ್ನು ನೋಡಿ ಸುಮ್ಮನಾಗುವುದಿಲ್ಲ, ಜರಡಿಯಲ್ಲಿ ನಿಂತದ್ದನ್ನೂ ಕೈಯಾಡಿಸಿ ನೋಡುತ್ತಾರೆ. ಡೇಟಾಬೇಸ್‌ನಲ್ಲಿ ಸಾಲು ಸಾಲು ಷರತ್ತು ಹಾಕಿ ಎಣಿಸುವಾಗಲೂ ಹಾಗೆಯೇ ನೋಡಬೇಕು ಎಂಬುದು ಅಂದಿನಿಂದ ನನ್ನ ಹಟ. ಆ ಕ್ರಮವನ್ನು ಇಲ್ಲಿ ಮೊದಲಿನಿಂದ ಬರೆಯುತ್ತಿದ್ದೇನೆ.

ಓದುವ ಮುನ್ನ

ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಯಂತ್ರಕ್ಕೆ ಕೊಡುವಾಗ ಸೆಲೆಕ್ಟ್, ಕೌಂಟ್, ವೇರ್ ಮುಂತಾದ ಆಜ್ಞಾಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಕೋಷ್ಟಕಗಳ ಮತ್ತು ಕಾಲಂಗಳ ಹೆಸರುಗಳು ಮಾತ್ರ ನಿಜಕ್ಕೂ ಕನ್ನಡದಲ್ಲೇ ಇರಬಹುದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶಗಳು ಮೂರೂ ಕನ್ನಡದ ಹೆಸರುಗಳನ್ನು ಒಪ್ಪುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಹೆಸರಿಗೆ 63 ಬೈಟ್‌ಗಳ ಮಿತಿ ಇದೆ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ 3 ಬೈಟ್ ಬೇಕು, ಗುಣಿತದ ಚಿಹ್ನೆ ಮತ್ತು ಒತ್ತಿನ ವಿರಾಮವೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. ಅಂದರೆ 21 ಚಿಹ್ನೆಗಳಿಗೆ ಮಿತಿ ಮುಗಿಯುತ್ತದೆ. ಹೆಸರುಗಳನ್ನು ಚಿಕ್ಕದಾಗಿ ಇಡಿ.

ಕೆಳಗೆ ಬರುವ ಷರತ್ತುಗಳ ಅಂಕಿಗಳು, ಅಂದರೆ 180 ದಿನ, 500 ಲೀಟರ್, 2 ಸಭೆ ಎಂಬವು, ಅಭ್ಯಾಸಕ್ಕಾಗಿ ನಾನು ಇಟ್ಟುಕೊಂಡವು. ನಿಮ್ಮ ಸಂಘದ ಬೈಲಾದಲ್ಲಿ ಏನಿದೆಯೋ ಅದನ್ನೇ ಹಾಕಿಕೊಳ್ಳಿ. ಹತ್ತು ಸದಸ್ಯರ ಲೆಕ್ಕವೂ ಅಭ್ಯಾಸದ್ದೇ.

ಹಂತ 1: ಕೈಯಲ್ಲಿ ಎಣಿಸಬಹುದಾದಷ್ಟು ಚಿಕ್ಕ ಲೆಕ್ಕ ಕಟ್ಟಿಕೊಳ್ಳಿ

ನೂರಾರು ಸದಸ್ಯರ ಕೋಷ್ಟಕದ ಮೇಲೆ ನೇರವಾಗಿ ಪ್ರಶ್ನೆ ಬರೆದರೆ, ಬಂದ ಉತ್ತರ ಸರಿಯೋ ತಪ್ಪೋ ಎಂದು ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಮೊದಲು ಹತ್ತು ಸಾಲು. ಆ ಹತ್ತರಲ್ಲಿ ಪ್ರತಿಯೊಂದು ತೊಡಕಿಗೂ ಒಬ್ಬೊಬ್ಬ ಸದಸ್ಯ ಇರಲಿ: ಹಾಲೇ ಹಾಕದವರು, ತೀರಿಕೊಂಡವರು, ಅಂಚಿನಲ್ಲಿ ತಪ್ಪಿದವರು, ಅಂಚಿನಲ್ಲಿ ದಾಟಿದವರು, ಮಾಹಿತಿಯೇ ಖಾಲಿ ಇರುವವರು.

| ಸಂಖ್ಯೆ | ಸ್ಥಿತಿ | ದಿನ | ಲೀಟರ್ | ಸಭೆ | ಬಾಕಿ |
|---|---|---|---|---|---|
| 101 | ಚಾಲ್ತಿ | 310 | 1860 | 3 | 0 |
| 102 | ಚಾಲ್ತಿ | 175 | 920 | 2 | 0 |
| 103 | ಚಾಲ್ತಿ | 240 | 460 | 2 | 0 |
| 104 | ಮೃತ | 0 | 0 | 0 | 0 |
| 105 | ಚಾಲ್ತಿ | 298 | 1490 | 1 | 0 |
| 106 | ಚಾಲ್ತಿ | 333 | 2664 | 4 | (ಖಾಲಿ) |
| 107 | ಚಾಲ್ತಿ | 205 | 615 | 2 | 4500 |
| 108 | ಚಾಲ್ತಿ | 0 | 0 | 3 | 0 |
| 109 | ಚಾಲ್ತಿ | 182 | 546 | 2 | 0 |
| 110 | ಚಾಲ್ತಿ | 150 | 430 | 0 | 0 |

ಪೆನ್ಸಿಲ್ ಹಿಡಿದು ಎಣಿಸಿ. ಒಟ್ಟು 10. ಚಾಲ್ತಿಯಲ್ಲಿರುವವರು 9. ಅವರಲ್ಲಿ 180 ದಿನ ಮುಟ್ಟಿದವರು 6. ಅವರಲ್ಲಿ 500 ಲೀಟರ್ ದಾಟಿದವರು 5. ಅವರಲ್ಲಿ ಎರಡು ಸಭೆಗೆ ಬಂದವರು 4. ಅವರಲ್ಲಿ ಬಾಕಿ ಇಲ್ಲದವರು ಎಷ್ಟು? 101, 109 ಖಂಡಿತ. 106ರ ಬಾಕಿಯ ಜಾಗ ಖಾಲಿ ಇದೆ. ಅದು ಎರಡೋ ಮೂರೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಹಾಗೆಯೇ ಇಟ್ಟುಕೊಳ್ಳಿ. ಈ ಬರಹದ ಅತಿ ಮುಖ್ಯವಾದ ಜಾಗ ಅದೇ.

10, 9, 6, 5, 4, ಕೊನೆಗೆ 2 ಅಥವಾ 3. ಈ ಸರಣಿಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಬರೆಯುವ ಪ್ರತಿ ಪ್ರಶ್ನೆಯೂ ಈ ಚೀಟಿಗೆ ತಾಳೆಯಾಗಬೇಕು.

ಹಂತ 2: ಒಬ್ಬ ಸದಸ್ಯನಿಗೆ ಒಂದೇ ಸಾಲು

ಮೇಲಿನ ಕೋಷ್ಟಕ ಡೇಟಾಬೇಸ್‌ನಲ್ಲಿ ಸಿದ್ಧವಾಗಿ ಇರುವುದಿಲ್ಲ. ಅಲ್ಲಿರುವುದು ಮೂರು ಕೋಷ್ಟಕಗಳು: ಸದಸ್ಯರು, ಹಾಲು, ಸಭೆ_ಹಾಜರಿ. ಹಾಲಿನ ಕೋಷ್ಟಕದಲ್ಲಿ ಪ್ರತಿ ಹೊತ್ತಿಗೂ ಒಂದು ಸಾಲು. ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪುಗಳು ಎಣಿಸುವಾಗ ಆಗುವುದಲ್ಲ, ಎಣಿಸುವ ಮೊದಲು ಈ ಕೋಷ್ಟಕಗಳನ್ನು ಜೋಡಿಸುವಾಗಲೇ ಆಗಿಬಿಟ್ಟಿರುತ್ತವೆ.

ಮೊದಲ ತಪ್ಪು: ದಿನಗಳನ್ನು ಎಣಿಸಲು ಕೌಂಟ್(*) ಬಳಸುವುದು. ಅದು ಸಾಲುಗಳನ್ನು ಎಣಿಸುತ್ತದೆ, ದಿನಗಳನ್ನಲ್ಲ. 102ನೇ ಸದಸ್ಯ 175 ದಿನ ಎರಡು ಹೊತ್ತೂ ಹಾಲು ಹಾಕಿದ್ದರೆ ಅವರ ಹೆಸರಿನಲ್ಲಿ 350 ಸಾಲುಗಳಿರುತ್ತವೆ. 350 ಎಂಬುದು 180ಕ್ಕಿಂತ ದೊಡ್ಡದು, ಅವರು ದಾಟಿಬಿಡುತ್ತಾರೆ. ಬೆಳಗಿನ ಹೊತ್ತು ಮಾತ್ರ 175 ದಿನ ಹಾಕಿದವರು ದಾಟುವುದಿಲ್ಲ. ಒಂದೇ ನಿಯಮ ಇಬ್ಬರಿಗೆ ಎರಡು ಬಗೆಯಾಯಿತು. ಇಲ್ಲಿ ಬೇಕಾದದ್ದು ಬೇರೆ ಬೇರೆ ದಿನಾಂಕಗಳ ಎಣಿಕೆ, ಅಂದರೆ ಕೌಂಟ್(ಡಿಸ್ಟಿಂಕ್ಟ್ ದಿನಾಂಕ).

ಎರಡನೆಯ ತಪ್ಪು ಇನ್ನೂ ಮೆಲ್ಲಗೆ ನುಸುಳುತ್ತದೆ. ಸದಸ್ಯರು, ಹಾಲು, ಸಭೆ_ಹಾಜರಿ ಮೂರನ್ನೂ ಒಟ್ಟಿಗೆ ಜಾಯಿನ್ ಮಾಡಿ, ಅಂದರೆ ಸದಸ್ಯ ಸಂಖ್ಯೆ ನೋಡಿ ಜೋಡಿಸಿ, ಆಮೇಲೆ ಲೀಟರ್‌ಗಳನ್ನು ಕೂಡಿಸುತ್ತೇವೆ ಎನ್ನಿ. ಜೋಡಣೆಯಲ್ಲಿ ಹಾಲಿನ ಪ್ರತಿ ಸಾಲೂ ಸಭೆಯ ಪ್ರತಿ ಸಾಲಿನೊಂದಿಗೆ ಜೊತೆಯಾಗುತ್ತದೆ. 103ನೇ ಸದಸ್ಯರು ಎರಡು ಸಭೆಗೆ ಬಂದಿದ್ದಾರೆ, ಹಾಗಾಗಿ ಅವರ ಹಾಲಿನ ಪ್ರತಿ ಸಾಲೂ ಎರಡೆರಡು ಬಾರಿ ಬರುತ್ತದೆ. 460 ಲೀಟರ್ 920 ಆಗುತ್ತದೆ. ಇತ್ತ 105ನೇ ಸದಸ್ಯರ ಒಂದೇ ಒಂದು ಸಭೆ, ಅವರ ಹಾಲಿನ ನೂರಾರು ಸಾಲುಗಳೊಂದಿಗೆ ಸೇರಿ ನೂರಾರು ಹಾಜರಿಯಂತೆ ಕಾಣುತ್ತದೆ. ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದರ ದೃಷ್ಟಿಯಲ್ಲಿ ನೀವು ಕೇಳಿದ್ದೇ ಅದು.

ಪರಿಹಾರ ಒಂದೇ: ಮೊದಲು ಪ್ರತಿ ಕೋಷ್ಟಕವನ್ನೂ ಅದರದರ ಪಾಡಿಗೆ ಸದಸ್ಯರಿಗೊಂದು ಸಾಲಿನಂತೆ ಕುಗ್ಗಿಸಿ, ಆಮೇಲೆ ಜೋಡಿಸಿ.

ವಿತ್ ಹಾಲು_ಲೆಕ್ಕ ಆ್ಯಸ್ (
ಸೆಲೆಕ್ಟ್ ಸದಸ್ಯ_ಸಂಖ್ಯೆ,
ಕೌಂಟ್(ಡಿಸ್ಟಿಂಕ್ಟ್ ದಿನಾಂಕ) ಆ್ಯಸ್ ದಿನ,
ಸಮ್(ಲೀಟರ್) ಆ್ಯಸ್ ಒಟ್ಟು_ಲೀಟರ್
ಫ್ರಮ್ ಹಾಲು
ವೇರ್ ದಿನಾಂಕ >= '2024-04-01' ಆ್ಯಂಡ್ ದಿನಾಂಕ < '2025-04-01'
ಗ್ರೂಪ್ ಬೈ ಸದಸ್ಯ_ಸಂಖ್ಯೆ
),
ಸಭೆ_ಲೆಕ್ಕ ಆ್ಯಸ್ (
ಸೆಲೆಕ್ಟ್ ಸದಸ್ಯ_ಸಂಖ್ಯೆ, ಕೌಂಟ್(*) ಆ್ಯಸ್ ಸಭೆ
ಫ್ರಮ್ ಸಭೆ_ಹಾಜರಿ
ಗ್ರೂಪ್ ಬೈ ಸದಸ್ಯ_ಸಂಖ್ಯೆ
),
ಸಾರ ಆ್ಯಸ್ (
ಸೆಲೆಕ್ಟ್ ಸ.ಸದಸ್ಯ_ಸಂಖ್ಯೆ, ಸ.ಸ್ಥಿತಿ, ಸ.ಬಾಕಿ,
ಕೋಅಲೆಸ್(ಹ.ದಿನ, 0) ಆ್ಯಸ್ ದಿನ,
ಕೋಅಲೆಸ್(ಹ.ಒಟ್ಟು_ಲೀಟರ್, 0) ಆ್ಯಸ್ ಒಟ್ಟು_ಲೀಟರ್,
ಕೋಅಲೆಸ್(ಭ.ಸಭೆ, 0) ಆ್ಯಸ್ ಸಭೆ
ಫ್ರಮ್ ಸದಸ್ಯರು ಸ
ಲೆಫ್ಟ್ ಜಾಯಿನ್ ಹಾಲು_ಲೆಕ್ಕ ಹ ಆನ್ ಹ.ಸದಸ್ಯ_ಸಂಖ್ಯೆ = ಸ.ಸದಸ್ಯ_ಸಂಖ್ಯೆ
ಲೆಫ್ಟ್ ಜಾಯಿನ್ ಸಭೆ_ಲೆಕ್ಕ ಭ ಆನ್ ಭ.ಸದಸ್ಯ_ಸಂಖ್ಯೆ = ಸ.ಸದಸ್ಯ_ಸಂಖ್ಯೆ
)

ವಿತ್ ಎಂದು ಶುರುವಾಗುವ ಈ ಭಾಗಗಳು ಅಡುಗೆಗೆ ಮುಂಚೆ ಹೆಚ್ಚಿಟ್ಟುಕೊಂಡ ತರಕಾರಿಯಂತೆ, ಮುಂದಿನ ಪ್ರಶ್ನೆಗಳಿಗೆಲ್ಲ ಒದಗುತ್ತವೆ. ಯಂತ್ರ ಇವನ್ನು ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಪ್ರಶ್ನೆಯ ಮುಂದೆಯೂ ಇವನ್ನು ಬರೆಯಬೇಕು. ಸ, ಹ, ಭ ಎಂಬವು ಕೋಷ್ಟಕಗಳ ಅಡ್ಡಹೆಸರುಗಳು. ಕೋಅಲೆಸ್ ಎಂಬುದು ಖಾಲಿ ಜಾಗದಲ್ಲಿ ಸೊನ್ನೆ ಇಡುತ್ತದೆ. ಮೈಎಸ್‌ಕ್ಯೂಎಲ್ ಬಳಸುವವರು 8.0 ಅಥವಾ ನಂತರದ ಆವೃತ್ತಿ ಇಟ್ಟುಕೊಳ್ಳಬೇಕು, ಅದಕ್ಕಿಂತ ಹಳೆಯದರಲ್ಲಿ ವಿತ್ ಇಲ್ಲ.

ಲೆಫ್ಟ್ ಜಾಯಿನ್ ಏಕೆ? ಜೊತೆ ಸಿಗದಿದ್ದರೂ ಮೊದಲ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಳ್ಳುವ ಜೋಡಣೆ ಅದು. ಹಾಲು_ಲೆಕ್ಕಕ್ಕೆ ಬರಿಯ ಜಾಯಿನ್ ಬಳಸಿದರೆ ಹಾಲಿನ ಒಂದು ಸಾಲೂ ಇಲ್ಲದ 104 ಮತ್ತು 108 ಮೊದಲ ಹೆಜ್ಜೆಯಲ್ಲೇ ಕಾಣೆಯಾಗುತ್ತಾರೆ. ಒಟ್ಟು ಸದಸ್ಯರು 10ರ ಬದಲು 8 ಎಂದು ಬರುತ್ತದೆ. 108ನೇ ಸದಸ್ಯರು ಯಾವ ಷರತ್ತಿನಲ್ಲೂ ಸೋತವರಾಗಿ ಕಾಣುವುದಿಲ್ಲ, ಅವರು ಸಂಘದಲ್ಲೇ ಇಲ್ಲದವರಾಗುತ್ತಾರೆ. ಸದಸ್ಯತ್ವ ಇರುವವರನ್ನು ಲೆಕ್ಕದಿಂದಲೇ ಅಳಿಸುವುದು ಅನರ್ಹರೆಂದು ತೋರಿಸುವುದಕ್ಕಿಂತ ದೊಡ್ಡ ತಪ್ಪು. ದಿನಾಂಕದ ಷರತ್ತನ್ನು ಹಾಲು_ಲೆಕ್ಕದ ಒಳಗೇ ಇಟ್ಟಿರುವುದೂ ಇದೇ ಕಾರಣಕ್ಕೆ. ಜೋಡಿಸಿದ ಮೇಲೆ ಹೊರಗಿನ ವೇರ್‌ನಲ್ಲಿ ಹಾಲಿನ ದಿನಾಂಕ ಕೇಳಿದರೆ ಲೆಫ್ಟ್ ಜಾಯಿನ್ ಮಾಡಿದ್ದೂ ವ್ಯರ್ಥ, ದಿನಾಂಕವೇ ಇಲ್ಲದವರು ಮತ್ತೆ ಉದುರುತ್ತಾರೆ.

ದಿನಾಂಕದ ಅಂಚನ್ನೂ ಗಮನಿಸಿ. ಏಪ್ರಿಲ್ 1ರಿಂದ ಮುಂದಿನ ಏಪ್ರಿಲ್ 1ಕ್ಕಿಂತ ಮೊದಲು ಎಂದು ಬರೆದಿದ್ದೇನೆ. ಕಾಲಂನಲ್ಲಿ ದಿನದ ಜೊತೆ ಗಂಟೆಯೂ ಇದ್ದು, ಬಿಟ್ವೀನ್ ಎಂದು ಮಾರ್ಚ್ 31ರವರೆಗೆ ಕೇಳಿದರೆ ಯಂತ್ರ ಅದನ್ನು 31ರ ನಡುರಾತ್ರಿ ಸೊನ್ನೆ ಗಂಟೆ ಎಂದೇ ಓದುತ್ತದೆ. ಅಂದಿನ ಬೆಳಗಿನ ಹಾಲೂ ಹೋಯಿತು, ಸಂಜೆಯ ಹಾಲೂ ಹೋಯಿತು. ಸರಿಯಾಗಿ 180ನೇ ದಿನ ಅದೇ ಆಗಿದ್ದವರ ಮತವೂ ಹೋಯಿತು. ಗಂಟೆ ಸೇರಿದ ಕಾಲಂ ಆಗಿದ್ದರೆ ಇನ್ನೊಂದು ಎಚ್ಚರಿಕೆ ಬೇಕು: ಬೆಳಿಗ್ಗೆ 6 ಗಂಟೆ ಮತ್ತು ಸಂಜೆ 6 ಗಂಟೆ ಎರಡು ಬೇರೆ ಮೌಲ್ಯಗಳು, ಡಿಸ್ಟಿಂಕ್ಟ್ ಅವನ್ನು ಎರಡೆಂದೇ ಎಣಿಸುತ್ತದೆ. ಮೊದಲು ದಿನದ ಭಾಗವನ್ನಷ್ಟೇ ಬೇರ್ಪಡಿಸಿ.

ಈಗ ಸಾರದಿಂದ ಎಲ್ಲ ಸಾಲುಗಳನ್ನೂ ತೆಗೆದು ಮೇಲಿನ ಕೋಷ್ಟಕಕ್ಕೆ ಹೋಲಿಸಿ. ತಾಳೆಯಾಗದೆ ಮುಂದೆ ಹೋಗಬೇಡಿ.

ಹಂತ 3: ಒಂದೇ ಪ್ರಶ್ನೆಯಲ್ಲಿ ಎಲ್ಲ ಹಂತಗಳ ಎಣಿಕೆ

ಹೆಚ್ಚಿನವರು ಇಲ್ಲಿ ಐದು ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಬರೆಯುತ್ತಾರೆ. ಮೊದಲಿನದರಲ್ಲಿ ಒಂದು ಷರತ್ತು, ಎರಡನೆಯದರಲ್ಲಿ ಎರಡು, ಹೀಗೆ. ಅದು ತಪ್ಪಲ್ಲ, ಕಲಿಯಲು ಒಳ್ಳೆಯದೇ. ಆದರೆ ಸಂಜೆ ಆರು ಗಂಟೆಗೆ ಅದನ್ನು ಮಾಡಿ ನೋಡಿ. ಒಂದನೇ ಪ್ರಶ್ನೆಗೂ ಐದನೇ ಪ್ರಶ್ನೆಗೂ ನಡುವೆ ತೂಕದ ಯಂತ್ರದಿಂದ ಹೊಸ ಸಾಲುಗಳು ಬಂದು ಸೇರುತ್ತಿರುತ್ತವೆ. ಐದು ಸಂಖ್ಯೆಗಳು ಐದು ಗಳಿಗೆಗಳ ಚಿತ್ರಗಳಾಗುತ್ತವೆ. ಒಂದೇ ಪ್ರಶ್ನೆಯಾದರೆ ಪೋಸ್ಟ್‌ಗ್ರೆಸ್ ಅದನ್ನು ಒಂದೇ ಗಳಿಗೆಯ ಸ್ಥಿತಿಯ ಮೇಲೆ ನಡೆಸುತ್ತದೆ.

ಸೆಲೆಕ್ಟ್
ಕೌಂಟ್(*) ಆ್ಯಸ್ ಒಟ್ಟು,
ಕೌಂಟ್(*) ಫಿಲ್ಟರ್ (ವೇರ್ ಸ್ಥಿತಿ = 'ಚಾಲ್ತಿ') ಆ್ಯಸ್ ಹಂತ_1,
ಕೌಂಟ್(*) ಫಿಲ್ಟರ್ (ವೇರ್ ಸ್ಥಿತಿ = 'ಚಾಲ್ತಿ' ಆ್ಯಂಡ್ ದಿನ >= 180) ಆ್ಯಸ್ ಹಂತ_2,
ಕೌಂಟ್(*) ಫಿಲ್ಟರ್ (ವೇರ್ ಸ್ಥಿತಿ = 'ಚಾಲ್ತಿ' ಆ್ಯಂಡ್ ದಿನ >= 180 ಆ್ಯಂಡ್ ಒಟ್ಟು_ಲೀಟರ್ >= 500) ಆ್ಯಸ್ ಹಂತ_3
ಫ್ರಮ್ ಸಾರ;

ಉಳಿದ ಎರಡು ಹಂತಗಳನ್ನು ಇದೇ ರೀತಿ ನೀವೇ ಸೇರಿಸಿ. ಪ್ರತಿ ಹಂತದಲ್ಲೂ ಹಿಂದಿನ ಷರತ್ತುಗಳೆಲ್ಲ ಮತ್ತೆ ಬರಬೇಕು. ಬಿಟ್ಟರೆ ಅದು ಬೇರೆಯೇ ಎಣಿಕೆ. ಪೋಸ್ಟ್‌ಗ್ರೆಸ್ 9.4ರಿಂದ ಮತ್ತು ಎಸ್‌ಕ್ಯೂಲೈಟ್ 3.30ರಿಂದ ಫಿಲ್ಟರ್ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಇಲ್ಲ. ಅಲ್ಲಿ ಹೀಗೆ ಬರೆಯುತ್ತಾರೆ:

ಸಮ್(ಕೇಸ್ ವೆನ್ ಸ್ಥಿತಿ = 'ಚಾಲ್ತಿ' ಆ್ಯಂಡ್ ದಿನ >= 180 ದೆನ್ 1 ಎಲ್ಸ್ 0 ಎಂಡ್)

ಇದರಲ್ಲಿ ಸಮ್ ಬದಲು ಕೌಂಟ್ ಬರೆದರೆ ಉತ್ತರ ಯಾವಾಗಲೂ 10 ಬರುತ್ತದೆ. ಕೌಂಟ್ ಎಂಬುದು ಬೆಲೆಯನ್ನು ನೋಡುವುದಿಲ್ಲ, ಖಾಲಿಯೋ ಅಲ್ಲವೋ ಎಂದಷ್ಟೇ ನೋಡುತ್ತದೆ, ಸೊನ್ನೆಯೂ ಅದಕ್ಕೆ ತುಂಬಿದ ಜಾಗವೇ. ಕೌಂಟ್ ಬೇಕೇ ಬೇಕೆಂದರೆ ಎಲ್ಸ್ ಭಾಗವನ್ನು ತೆಗೆದುಹಾಕಿ.

ಆ್ಯಂಡ್ ಜೊತೆ ಆರ್ ಬೆರೆಸುವಾಗ ಆವರಣ ಹಾಕಿ. ಆ್ಯಂಡ್‌ನ ಹಿಡಿತ ಬಿಗಿ, ಆರ್‌ನದು ಸಡಿಲ. "ಈ ಊರು ಅಥವಾ ಆ ಊರು, ಮತ್ತು ಚಾಲ್ತಿ" ಎಂದು ಆವರಣವಿಲ್ಲದೆ ಬರೆದರೆ ಮೊದಲ ಊರಿನ ಮೃತ ಸದಸ್ಯರೂ ಒಳಗೆ ಬರುತ್ತಾರೆ.

ಹಂತ 4: ಷರತ್ತುಗಳ ಕ್ರಮವನ್ನು ಬೈಲಾ ನೋಡಿ ನಿಲ್ಲಿಸಿ

ಕ್ರಮ ಬದಲಿಸಿದರೆ ಕೊನೆಯ ಸಂಖ್ಯೆ ಬದಲಾಗುವುದಿಲ್ಲ. ನಡುವಿನ ಸಂಖ್ಯೆಗಳು ಬದಲಾಗುತ್ತವೆ, ಅವುಗಳ ಮೇಲೆ ಕಟ್ಟುವ ಮಾತೂ ಬದಲಾಗುತ್ತದೆ. ನಮ್ಮ ಕ್ರಮದಲ್ಲಿ ದಿನದ ಷರತ್ತು ಮೂವರನ್ನು ಹಿಡಿಯಿತು, ಲೀಟರ್ ಒಬ್ಬರನ್ನು. ಈಗ ಚಾಲ್ತಿಯಾದ ಮೇಲೆ ಸಭೆ, ಆಮೇಲೆ ಲೀಟರ್, ಆಮೇಲೆ ದಿನ ಎಂದು ತಿರುಗಿಸಿ. ಸಭೆಯಲ್ಲಿ 105 ಮತ್ತು 110 ನಿಲ್ಲುತ್ತಾರೆ, ಲೀಟರ್‌ನಲ್ಲಿ 103 ಮತ್ತು 108, ದಿನದಲ್ಲಿ 102 ಒಬ್ಬರೇ. 9, 7, 5, 4. ತಲುಪಿದ ಜಾಗ ಅದೇ ನಾಲ್ಕು. ಆದರೆ ಮೊದಲ ಪಟ್ಟಿ ನೋಡಿದ ಆಡಳಿತ ಮಂಡಳಿ "ದಿನದ ಷರತ್ತು ತೀರಾ ಕಠಿಣ" ಎಂದು ಹೇಳುತ್ತದೆ, ಎರಡನೆಯದನ್ನು ನೋಡಿದವರು ಆ ಮಾತೇ ಎತ್ತುವುದಿಲ್ಲ.

ಆದ್ದರಿಂದ ಬೈಲಾದಲ್ಲಿ ಷರತ್ತುಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮ ಇರಲಿ. ಜೊತೆಗೆ ಪ್ರತಿ ಷರತ್ತನ್ನೂ ಒಂಟಿಯಾಗಿ ಚಾಲ್ತಿ ಸದಸ್ಯರ ಮೇಲೆ ಹಾಕಿ ಬಂದ ಎಣಿಕೆಯನ್ನೂ ಪಕ್ಕದಲ್ಲಿಡಿ. ಒಂಟಿಯಾಗಿ ನೋಡಿದರೆ ದಿನದಲ್ಲಿ 3, ಲೀಟರ್‌ನಲ್ಲಿ 3, ಸಭೆಯಲ್ಲಿ 2, ಖಾಲಿಯನ್ನೂ ಸೇರಿಸಿ ಬಾಕಿಯಲ್ಲಿ 2, ಒಟ್ಟು 10 ಸೋಲುಗಳು. ಸೋತ ಸದಸ್ಯರು ಮಾತ್ರ 7. 110ನೇ ಸದಸ್ಯರು ಒಬ್ಬರೇ ಮೂರು ಕಡೆ ಸೋತಿದ್ದಾರೆ, 108 ಎರಡು ಕಡೆ. "ದಿನ ಒಂದು ಸರಿಮಾಡಿಕೊಂಡರೆ ಸಾಕು" ಎಂದು 110ನೇಯವರಿಗೆ ಹೇಳಿ ಕಳುಹಿಸಿದರೆ ಮುಂದಿನ ಬಾರಿ ಅವರು ಲೀಟರ್‌ನಲ್ಲಿ ನಿಲ್ಲುತ್ತಾರೆ. ಅದು ಅವರಿಗೆ ಮಾಡುವ ಅನ್ಯಾಯ.

ಇನ್ನೊಂದು ಮಾತು: ವೇರ್‌ನಲ್ಲಿ ನೀವು ಬರೆದ ಕ್ರಮದಲ್ಲೇ ಯಂತ್ರ ಷರತ್ತುಗಳನ್ನು ಪರೀಕ್ಷಿಸುತ್ತದೆ ಎಂಬ ಭರವಸೆ ಇಲ್ಲ. ದಿನ > 0 ಆ್ಯಂಡ್ ಒಟ್ಟು_ಲೀಟರ್ / ದಿನ >= 3 ಎಂದು ಬರೆದು, ಮೊದಲ ಷರತ್ತು ಎರಡನೆಯದನ್ನು ಕಾಯುತ್ತದೆ ಎಂದು ನಂಬಬೇಡಿ. ಭಾಗಾಕಾರ ಮೊದಲು ನಡೆದರೆ 108ನೇ ಸದಸ್ಯರ ಸೊನ್ನೆಯಿಂದಾಗಿ ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ಪ್ರಶ್ನೆಯೇ ನಿಂತುಹೋಗುತ್ತದೆ. ಒಟ್ಟು_ಲೀಟರ್ / ನಲ್‌ಇಫ್(ದಿನ, 0) ಎಂದು ಬರೆದರೆ ಸೊನ್ನೆ ದಿನ ಖಾಲಿಯಾಗಿ ಬದಲಾಗುತ್ತದೆ, ಆ ಭಯವಿಲ್ಲ.

ಹಂತ 5: ಖಾಲಿ ಜಾಗ ಸೊನ್ನೆಯಲ್ಲ

ಈಗ 106ನೇ ಸದಸ್ಯರ ಬಳಿಗೆ ಬರೋಣ. ಬಾಕಿಯ ಕಾಲಂನಲ್ಲಿ ಅವರ ಜಾಗ ಖಾಲಿ. ಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ ನಲ್ ಎನ್ನುತ್ತಾರೆ. ಬಾಕಿ = 0 ಎಂದು ಕೇಳಿದರೆ ಯಂತ್ರ ಹೌದು ಎನ್ನುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ, "ಗೊತ್ತಿಲ್ಲ" ಎನ್ನುತ್ತದೆ. ಹೌದು, ಅಲ್ಲ, ಗೊತ್ತಿಲ್ಲ, ಹೀಗೆ ಮೂರು ಬೆಲೆಗಳ ತರ್ಕ ಇದು. ವೇರ್ ಹಾಗೂ ಫಿಲ್ಟರ್ ಎರಡೂ "ಹೌದು" ಎಂದವರನ್ನು ಮಾತ್ರ ಒಳಗೆ ಬಿಡುತ್ತವೆ. ಹಾಗಾಗಿ 106 ಹೊರಗೆ, ಕೊನೆಯ ಎಣಿಕೆ 2.

ಅದೇ ಪ್ರಶ್ನೆಯನ್ನು ತಿರುವಿ ಕೇಳಿ ನೋಡಿ: ಬಾಕಿ ಇರುವವರು ಯಾರು, ಬಾಕಿ <> 0? ಅದರಲ್ಲೂ 106 ಸಿಗುವುದಿಲ್ಲ. ನಾಲ್ವರಲ್ಲಿ ಬಾಕಿ ಇಲ್ಲದವರು 2, ಇರುವವರು 1. ಒಬ್ಬರು ಎರಡು ಪಟ್ಟಿಯಲ್ಲೂ ಇಲ್ಲ.

ಗೋಡೆಯ ಪಟ್ಟಿಯಲ್ಲಿ ಹೆಸರಿಲ್ಲದ ಆ ಅಜ್ಜಿಯ ಕಥೆ ಇದೇ. ಅವರು ಹಸು ಸಾಲವನ್ನು ಎಂದೂ ತೆಗೆದುಕೊಂಡವರಲ್ಲ. ಸಾಲದ ಪುಸ್ತಕದಲ್ಲಿ ಅವರ ಪುಟವೇ ಇರಲಿಲ್ಲ. ಪುಸ್ತಕ ನೋಡಿ ಟೈಪ್ ಮಾಡಿದವರು ಪುಟ ಇದ್ದವರಿಗೆಲ್ಲ ಅಂಕಿ ತುಂಬಿ, ಇಲ್ಲದವರ ಜಾಗವನ್ನು ಖಾಲಿ ಬಿಟ್ಟಿದ್ದರು. ಆ ಸಾಲುಗಳನ್ನು ಪರೀಕ್ಷಿಸದೆ ಪ್ರಶ್ನೆ ಬರೆದವನು ನಾನು. ಅಂದರೆ ಸಂಘಕ್ಕೆ ಒಂದು ಪೈಸೆಯನ್ನೂ ಉಳಿಸಿಕೊಳ್ಳದಿದ್ದ ಕಾರಣಕ್ಕೇ ಅವರು ಹೊರಗಾಗಿದ್ದರು.

ಹಾಗಾದರೆ ಎಲ್ಲ ಖಾಲಿಗಳನ್ನೂ ಕೋಅಲೆಸ್ ಬಳಸಿ ಸೊನ್ನೆ ಮಾಡಿಬಿಡೋಣವೇ? ದಿನ, ಲೀಟರ್, ಸಭೆಗಳಿಗೆ ನಾವು ಹಾಗೆ ಮಾಡಿದ್ದೇವೆ, ಅದು ಸರಿ. ಹಾಲಿನ ಸಾಲು ಇಲ್ಲವೆಂದರೆ ಹಾಲು ಹಾಕಿಲ್ಲವೆಂದೇ ಅರ್ಥ. ಬಾಕಿಯ ಖಾಲಿಗೆ ಮಾತ್ರ ಎರಡು ಅರ್ಥಗಳಿವೆ: ಸಾಲವೇ ಇಲ್ಲ, ಅಥವಾ ಇದೆ, ಟೈಪ್ ಮಾಡಲು ಬಿಟ್ಟುಹೋಗಿದೆ. ಎರಡರಲ್ಲಿ ಯಾವುದು ಎಂದು ನಿರ್ಧರಿಸುವ ಅಧಿಕಾರ ಪ್ರಶ್ನೆ ಬರೆಯುವವರಿಗೆ ಇಲ್ಲ. ಪುಸ್ತಕ ತೆರೆದು ನೋಡಬೇಕು, ಕಾರ್ಯದರ್ಶಿಯವರನ್ನು ಕೇಳಬೇಕು. ಅಲ್ಲಿಯವರೆಗೆ ಆ ಸದಸ್ಯರನ್ನು ಅರ್ಹರಲ್ಲೂ ಅನರ್ಹರಲ್ಲೂ ಸೇರಿಸದೆ ಪ್ರತ್ಯೇಕವಾಗಿ ತೋರಿಸಬೇಕು.

ಹಂತ 6: ಪ್ರತಿಯೊಬ್ಬರೂ ನಿಂತ ಜಾಗಕ್ಕೆ ಗುರುತು ಹಾಕಿ

ಇದುವರೆಗಿನದು ಸಂಖ್ಯೆಗಳನ್ನು ಕೊಟ್ಟಿತು. ಅಜ್ಜಿಯ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ಕೇಸ್ ಎಂಬುದು ಮೇಲಿನಿಂದ ಕೆಳಗೆ ಓದುತ್ತಾ, ಮೊದಲು ಹೊಂದಿದ ವೆನ್‌ನಲ್ಲೇ ನಿಲ್ಲುತ್ತದೆ. ಒಂದರ ಕೆಳಗೊಂದು ಇಟ್ಟ ಜರಡಿಗಳಿಗೆ ಇದಕ್ಕಿಂತ ಒಪ್ಪುವ ರೂಪ ಬೇರೆ ಇಲ್ಲ. ಸಾರದ ನಂತರ ಇದನ್ನು ಸೇರಿಸಿ:

ಗುರುತು ಆ್ಯಸ್ (
ಸೆಲೆಕ್ಟ್ ಸದಸ್ಯ_ಸಂಖ್ಯೆ,
ಕೇಸ್
ವೆನ್ (ಸ್ಥಿತಿ = 'ಚಾಲ್ತಿ') ಈಸ್ ನಾಟ್ ಟ್ರೂ ದೆನ್ 1
ವೆನ್ (ದಿನ >= 180) ಈಸ್ ನಾಟ್ ಟ್ರೂ ದೆನ್ 2
ವೆನ್ (ಒಟ್ಟು_ಲೀಟರ್ >= 500) ಈಸ್ ನಾಟ್ ಟ್ರೂ ದೆನ್ 3
ವೆನ್ (ಸಭೆ >= 2) ಈಸ್ ನಾಟ್ ಟ್ರೂ ದೆನ್ 4
ವೆನ್ ಬಾಕಿ <> 0 ದೆನ್ 5
ವೆನ್ ಬಾಕಿ ಈಸ್ ನಲ್ ದೆನ್ 6
ಎಲ್ಸ್ 7
ಎಂಡ್ ಆ್ಯಸ್ ನಿಂತ_ಹಂತ
ಫ್ರಮ್ ಸಾರ
)

ಈಸ್ ನಾಟ್ ಟ್ರೂ ಎಂಬ ಸುತ್ತುಬಳಸು ಏಕೆ, ಸ್ಥಿತಿ <> 'ಚಾಲ್ತಿ' ಎಂದು ಬರೆದರೆ ಸಾಲದೇ? ಸಾಲದು. ಸ್ಥಿತಿಯ ಜಾಗ ಖಾಲಿ ಇರುವ ಸದಸ್ಯರಿಗೆ ಆ ಹೋಲಿಕೆಯ ಉತ್ತರ "ಗೊತ್ತಿಲ್ಲ". ವೆನ್ ಅವರನ್ನು ಹಿಡಿಯುವುದಿಲ್ಲ, ಅವರು ಎಲ್ಲ ಜರಡಿಗಳನ್ನೂ ದಾಟಿ ಅರ್ಹರಾಗಿ ಕೆಳಗೆ ಬೀಳುತ್ತಾರೆ. ಖಾಲಿ ಜಾಗ ವೇರ್‌ನಲ್ಲಿ ಮನುಷ್ಯರನ್ನು ಹೊರಗಿಡುತ್ತದೆ, ತಿರುವಿ ಬರೆದ ಕೇಸ್‌ನಲ್ಲಿ ಒಳಗೆ ಬಿಡುತ್ತದೆ. ಒಂದೇ ನಿಯಮವನ್ನು ಇಬ್ಬರು ಎರಡು ರೀತಿ ಬರೆದು, ಒಬ್ಬರಿಗೆ 2, ಇನ್ನೊಬ್ಬರಿಗೆ 3 ಬಂದು ಜಗಳವಾದರೆ ಮೊದಲು ಹುಡುಕಬೇಕಾದದ್ದು ಇದನ್ನೇ.

ಈಗ ಗುಂಪು ಮಾಡಿ ಎಣಿಸಿ:

ಸೆಲೆಕ್ಟ್ ನಿಂತ_ಹಂತ,
ಕೌಂಟ್(*) ಆ್ಯಸ್ ನಿಂತವರು,
ಸಮ್(ಕೌಂಟ್(*)) ಓವರ್ (ಆರ್ಡರ್ ಬೈ ನಿಂತ_ಹಂತ ಡೆಸ್ಕ್) ಆ್ಯಸ್ ತಲುಪಿದವರು
ಫ್ರಮ್ ಗುರುತು
ಗ್ರೂಪ್ ಬೈ ನಿಂತ_ಹಂತ
ಆರ್ಡರ್ ಬೈ ನಿಂತ_ಹಂತ;

| ನಿಂತ ಹಂತ | ನಿಂತವರು | ತಲುಪಿದವರು |
|---|---|---|
| 1 ಸ್ಥಿತಿ | 1 | 10 |
| 2 ದಿನ | 3 | 9 |
| 3 ಲೀಟರ್ | 1 | 6 |
| 4 ಸಭೆ | 1 | 5 |
| 5 ಬಾಕಿ ಇದೆ | 1 | 4 |
| 6 ಬಾಕಿ ನಮೂದಿಲ್ಲ | 1 | 3 |
| 7 ಅರ್ಹರು | 2 | 2 |

ಕೊನೆಯ ಕಾಲಂ ಕೆಳಗಿನಿಂದ ಮೇಲಕ್ಕೆ ಕೂಡುತ್ತಾ ಬರುತ್ತದೆ. ಅದರಲ್ಲಿ ನಿಮ್ಮ ಚೀಟಿಯ ಸರಣಿಯೇ ಕಾಣುತ್ತಿದೆ: 10, 9, 6, 5, 4, 3, 2. ನಡುವಿನ ಕಾಲಂ ಕೂಡಿಸಿದರೆ 10. ಪ್ರತಿಯೊಬ್ಬರೂ ಒಂದೇ ಒಂದು ಜಾಗದಲ್ಲಿದ್ದಾರೆ, ಯಾರೂ ಕಳೆದುಹೋಗಿಲ್ಲ, ಯಾರೂ ಎರಡು ಬಾರಿ ಬಂದಿಲ್ಲ. ಯಾವುದಾದರೂ ಹಂತದಲ್ಲಿ ಒಬ್ಬರೂ ನಿಲ್ಲದಿದ್ದರೆ ಆ ಸಾಲು ಬರುವುದೇ ಇಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಹಂತ 7: ಕಣ್ಣಿಗೆ ಒಂದೇ ಆಗಿ ಕಂಡು ಯಂತ್ರಕ್ಕೆ ಬೇರೆಯಾಗುವ ಕನ್ನಡ

ಲೆಕ್ಕವೆಲ್ಲ ಸರಿಯಿದ್ದೂ ಎಣಿಕೆ ಕಡಿಮೆ ಬಂದರೆ ಅಕ್ಷರಗಳನ್ನು ಅನುಮಾನಿಸಿ. ನಮ್ಮ ಜಿಲ್ಲೆಯ ಹೆಸರೇ ಒಳ್ಳೆಯ ಉದಾಹರಣೆ. "ಕೋಲಾರ" ಎಂಬುದರ "ಕೋ" ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಮೂರು ಬಿಡಿ ಚಿಹ್ನೆಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲನೆಯದರ ಉದ್ದ 5 ಚಿಹ್ನೆ, ಎರಡನೆಯದರದು 7. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಹೋಲಿಕೆಯಲ್ಲಿ ಇವೆರಡೂ ಸಮವಲ್ಲ. ಊರು = 'ಕೋಲಾರ' ಎಂದು ಕೇಳಿದರೆ ಒಂದು ಬಗೆಯವರು ಮಾತ್ರ ಬರುತ್ತಾರೆ. ಒತ್ತಕ್ಷರಗಳ ನಡುವೆ ಟೈಪಿಂಗ್ ತಂತ್ರಾಂಶ ಸೇರಿಸುವ ಕಾಣದ ಚಿಹ್ನೆಗಳು, ಕೊನೆಯಲ್ಲಿ ಉಳಿದ ಒಂದು ಖಾಲಿ ಸ್ಥಳ ಮಾಡುವುದೂ ಇದನ್ನೇ.

ಪತ್ತೆ ಮಾಡುವುದು ಸುಲಭ: ಊರಿನ ಹೆಸರು ಮತ್ತು ಅದರ ಉದ್ದ ಎರಡರ ಮೇಲೆ ಗ್ರೂಪ್ ಬೈ ಹಾಕಿ ಎಣಿಸಿ. ಒಂದೇ ಹೆಸರು ಎರಡು ಸಾಲುಗಳಲ್ಲಿ ಕಂಡರೆ ರೋಗ ಸಿಕ್ಕಿತು. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಸ್ ಎಂಬ ಫಂಕ್ಷನ್ ಬಿಡಿ ಚಿಹ್ನೆಗಳನ್ನು ಒಂದುಗೂಡಿಸುತ್ತದೆ, ಟ್ರಿಮ್ ಎಂಬುದು ತುದಿಯ ಖಾಲಿ ಸ್ಥಳಗಳನ್ನು ತೆಗೆಯುತ್ತದೆ. ಊರು, ಸ್ಥಿತಿ ಇಂಥವನ್ನು ಪ್ರತ್ಯೇಕ ಕೋಷ್ಟಕದಲ್ಲಿ ಒಮ್ಮೆ ಬರೆದಿಟ್ಟು, ಉಳಿದೆಡೆ ಅದರ ಸಂಖ್ಯೆಯನ್ನು ಮಾತ್ರ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು.

ವೇಗದ ಬಗ್ಗೆ ಎರಡು ಮಾತು

ಇನ್ನೂರು ಸದಸ್ಯರ ಸಂಘದಲ್ಲಿ ಎಲ್ಲರೂ ಎಲ್ಲ ದಿನವೂ ಎರಡು ಹೊತ್ತು ಹಾಲು ಹಾಕಿದರೂ ವರ್ಷಕ್ಕೆ 1,46,000 ಸಾಲು. ಸಾಧಾರಣ ಕಂಪ್ಯೂಟರಿಗೂ ಇದು ದೊಡ್ಡದಲ್ಲ, ವೇಗಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ತಾಲ್ಲೂಕು, ಜಿಲ್ಲೆಯ ಮಟ್ಟಕ್ಕೆ ಹೋದಾಗ ಹಾಲಿನ ಕೋಷ್ಟಕಕ್ಕೆ ಸದಸ್ಯ_ಸಂಖ್ಯೆ ಮತ್ತು ದಿನಾಂಕ ಎರಡನ್ನೂ ಸೇರಿಸಿ ಒಂದು ಇಂಡೆಕ್ಸ್, ಅಂದರೆ ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿ, ಹಾಕಿ. ಒಬ್ಬೊಬ್ಬ ಸದಸ್ಯರ ಲೆಕ್ಕವನ್ನು ಹುಡುಕುವುದಕ್ಕೆ ಈ ಕ್ರಮ ಹೊಂದುತ್ತದೆ. ಎಲ್ಲರ ಒಂದು ವರ್ಷವನ್ನು ತೆಗೆಯುವುದೇ ಹೆಚ್ಚಾದರೆ ದಿನಾಂಕ ಮೊದಲಿರುವ ಇಂಡೆಕ್ಸ್ ಬೇಕು. ಊಹೆ ಬೇಡ, ಪ್ರಶ್ನೆಯ ಮುಂದೆ ಎಕ್ಸ್‌ಪ್ಲೇನ್ ಅನಲೈಸ್ ಬರೆದು ನಡೆಸಿ. ಯಾವ ಹಂತದಲ್ಲಿ ಎಷ್ಟು ಸಾಲು ಓದಿತು, ಫಿಲ್ಟರ್‌ನಲ್ಲಿ ಎಷ್ಟು ಸಾಲು ತೆಗೆದುಹಾಕಿತು ಎಂದು ಪೋಸ್ಟ್‌ಗ್ರೆಸ್ ತಾನೇ ಹೇಳುತ್ತದೆ.

ಹಂತ 8: ಕರಡು ಪಟ್ಟಿ

ಗುರುತು ಕೋಷ್ಟಕವನ್ನು ಸದಸ್ಯರ ಹೆಸರಿನೊಂದಿಗೆ ಜೋಡಿಸಿ ಮುದ್ರಿಸಿ. ಹಂತದ ಅಂಕಿಯ ಬದಲು ಕಾರಣವನ್ನೇ ಬರೆಯಿರಿ: "175 ದಿನ, ಬೇಕಾದದ್ದು 180". ಹಾಗೆ ಬರೆದರೆ ಸದಸ್ಯರು ತಮ್ಮ ಪಾಸ್‌ಬುಕ್ ತೆರೆದು ತಾವೇ ತಾಳೆ ನೋಡಬಹುದು. ಬಾಕಿಯ ಮೊತ್ತವನ್ನು ಮಾತ್ರ ಗೋಡೆಯ ಮೇಲೆ ಹಾಕಬೇಡಿ, "ಬಾಕಿ ಬಗ್ಗೆ ಕಾರ್ಯದರ್ಶಿಯವರನ್ನು ಕಾಣಿರಿ" ಎಂದರೆ ಸಾಕು. ಪ್ರಶ್ನೆ ನಡೆಸಿದ ದಿನ, ಗಂಟೆ ಮತ್ತು ಬಳಸಿದ ಷರತ್ತುಗಳ ಅಂಕಿಗಳು ಹಾಳೆಯ ಕೆಳಗೆ ಇರಲಿ, ಪ್ರಶ್ನೆಯ ಪೂರ್ತಿ ಪ್ರತಿ ಕಡತದಲ್ಲಿರಲಿ.

ನಾವು ಎರಡನೆಯ ಬಾರಿ ಅಂಟಿಸಿದ್ದು ಇಂಥ ಕರಡು ಪಟ್ಟಿಯನ್ನು. ಅಂತಿಮ ಪಟ್ಟಿಗೆ ಇನ್ನೂ ದಿನಗಳಿದ್ದವು. ಆರನೇ ಹಂತದಲ್ಲಿ ನಿಂತವರ ಹೆಸರುಗಳನ್ನು ಹಿಡಿದು, ಕಾರ್ಯದರ್ಶಿಯವರೂ ನಾನೂ ಸಾಲದ ಪುಸ್ತಕವನ್ನು ಪುಟಪುಟವಾಗಿ ತಿರುವಿದೆವು. ಪುಟವೇ ಇಲ್ಲದವರಿಗೆ ಸೊನ್ನೆ ನಮೂದಾಯಿತು, ಆಡಳಿತ ಮಂಡಳಿಯ ಸಹಿಯೊಂದಿಗೆ. ಆಮೇಲೆ ಅದೇ ಪ್ರಶ್ನೆಯನ್ನು, ಒಂದಕ್ಷರವನ್ನೂ ಬದಲಿಸದೆ, ಮತ್ತೆ ನಡೆಸಿದೆ. ಆರನೇ ಹಂತದ ಸಾಲು ಮಾಯವಾಗಿತ್ತು. ಅಜ್ಜಿಯ ಹೆಸರು ಏಳರಲ್ಲಿತ್ತು.